ಶೇಕಡಾ ಅರವತ್ತು ಕಿವುಡು

ಬಸ್ಸಿನ ಹಾರ್ನಿಗೆ ತಿರುಗಿ ನೋಡದೆ ಇರುವುದು ಸಂಗನಬಸವನಿಗೆ ಈಗ ಕಷ್ಟದ ಕೆಲಸವಾಗಿ ಉಳಿದಿರಲಿಲ್ಲ. ಮೊದಮೊದಲು ಕುತ್ತಿಗೆ ತಾನಾಗಿಯೇ ಹೊರಳಿಬಿಡುತ್ತಿತ್ತು. ಹೊರಳಿದ ಮೇಲೆ ಅದಕ್ಕೊಂದು ನೆಪ ಹುಡುಕಬೇಕಾಗುತ್ತಿತ್ತು, ಬೆವರು ಒರೆಸಿಕೊಳ್ಳುವುದೋ, ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತೆಂದು ನೋಡುವುದೋ. ಈಗ ಕುತ್ತಿಗೆ ಪಳಗಿದೆ. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಅವನ ಬೆನ್ನ ಹಿಂದೆಯೇ ಬಂದು ನಿಂತು, ಕಂಡಕ್ಟರು ಬಾಗಿಲು ಬಡಿಯುತ್ತ "ರೋಣ, ನರಗುಂದ, ನರಗುಂದ" ಎಂದು ಕೂಗುತ್ತಿದ್ದರೂ ಅವನು ಎದುರಿನ ಬಾಳೆಹಣ್ಣಿನ ಗಾಡಿಯನ್ನು ನೋಡುತ್ತ ಕೂತೇ ಇದ್ದ. ಕಳಿಸಲು ಬಂದಿದ್ದ ಹೆಂಡತಿ ಶಾಂಭವಿ ಅವನ ಭುಜ ತಟ್ಟಿ, ಸುತ್ತಲಿನ ನಾಲ್ಕು ಮಂದಿಗೆ ಕೇಳುವಂತೆ "ಬಸ್ಸ ಬಂತ್ರೀ! ಏಳ್ರೀ!" ಎಂದು ಕಿವಿಯಲ್ಲಿ ಒದರಿದಳು. ಒದರುವಾಗ ಅವಳ ಮುಖದಲ್ಲಿ ಒಂದು ಬಗೆಯ ಸಮಾಧಾನ ಕಾಣುತ್ತಿತ್ತು. ಪೇಟೆಯ ನಡುವೆ ಗಂಡನ ಮೇಲೆ ಹೀಗೆ ಒದರಲು ಸರಕಾರವೇ ಅವಳಿಗೆ ಪರವಾನಗಿ ಕೊಟ್ಟಂತಾಗಿತ್ತು. ಆಮೇಲೆ ಅವಳು ಹತ್ತಿರ ಬಂದು, ಅಂಗಿಯ ಕಾಲರು ಸರಿ ಮಾಡುವ ನೆಪದಲ್ಲಿ, ತನ್ನ ನಿಜವಾದ ದನಿಯಲ್ಲಿ ಹೇಳಿದಳು: "ಹೆಸರ ಕರದಕೂಡಲೆ ಎದ್ದ ನಿಂತೀರಿ ಮತ್ತ. ನಿಮ್ಮ ಸ್ವಭಾವ ನನಗ ಗೊತ್ತೈತಿ."

ಅವನು ಕಿಟಕಿಯ ಬದಿಗೆ ಕೂತ. ಬಲಗಿವಿಯಲ್ಲಿ ಮಷೀನು ಇತ್ತು, ಸರಕಾರ ಪುಕ್ಕಟೆ ಕೊಟ್ಟದ್ದು. ಅದಕ್ಕೆ ಸೆಲ್ ಹಾಕಿದರೆ ಒಳ್ಳೆಯ ಕಿವಿಯ ಮನುಷ್ಯನಿಗೆ ತಲೆ ಸಿಡಿಯುವಷ್ಟು ಸಪ್ಪಳ; ಆದ್ದರಿಂದ ಸೆಲ್ ತೆಗೆದಿಟ್ಟು ಬರಿಯ ಬೆಣೆಯಂತೆ ಹಾಕಿಕೊಳ್ಳುತ್ತಿದ್ದ. ಕೇಳಿಸಲಿ ಎಂದು ಕೊಟ್ಟ ಮಷೀನು ಹೀಗೆ ಅವನಿಗೆ ಅಷ್ಟಿಷ್ಟು ಕೇಳಿಸದಂತೆ ಮಾಡಿ ಉಪಕಾರ ಮಾಡುತ್ತಿತ್ತು. ಇವತ್ತಿನ ಶಿಬಿರ ನರಗುಂದದ ಒಂದು ಕಲ್ಯಾಣ ಮಂಟಪದಲ್ಲಿ. ಅಂಗವಿಕಲರ ಪ್ರಮಾಣಪತ್ರ ತೋರಿಸಿ ತೆರಿಗೆಯಲ್ಲಿ ವಿನಾಯಿತಿ ಪಡೆದ ನೌಕರರೆಲ್ಲ ಮತ್ತೊಮ್ಮೆ ತಪಾಸಣೆಗೆ ಬರಬೇಕೆಂದು ಆದೇಶ ಬಂದಿತ್ತು. ಹೊಸದಾಗಿ ಪ್ರಮಾಣಪತ್ರ ಬೇಕಾದ ಹಳ್ಳಿಯ ಮಂದಿಗೂ ಅದೇ ದಿನ, ಅದೇ ಜಾಗ. ಈ ಸಲ ಬೇರೆ ಮಷೀನು ತಂದಿದ್ದಾರಂತೆ. ಹಣೆಗೊಂದು ಕಿವಿಯ ಹಿಂದೊಂದು ತಂತಿ ಅಂಟಿಸುತ್ತಾರೆ, ಮನುಷ್ಯ ಏನೂ ಹೇಳಬೇಕಿಲ್ಲ, ಮಿದುಳೇ ಹೇಳುತ್ತದೆ. ಸಿಕ್ಕಿಬಿದ್ದರೆ ಉಳಿಸಿದ ತೆರಿಗೆಯನ್ನೆಲ್ಲ ಬಡ್ಡಿ ಸಮೇತ ಕಟ್ಟಬೇಕು, ಅದರ ಮೇಲೆ ಇಲಾಖಾ ವಿಚಾರಣೆ, ಅದರ ಮೇಲೆ ನೌಕರಿಗೇ ಸಂಚಕಾರ. ಬಸ್ಸು ರಾಜೂರಿನ ದಾರಿ ಹಿಂದೆ ಬಿಟ್ಟು ರೋಣದ ಕಡೆ ಹೊರಳಿದಾಗ, ತನ್ನ ಮಿದುಳು ಒಮ್ಮೆಯಾದರೂ ತನ್ನ ಮಾತು ಕೇಳಿದ್ದುಂಟೇ ಎಂದು ಅವನು ಯೋಚಿಸುತ್ತಿದ್ದ. ಇಲ್ಲ. ಅದು ಯಾವಾಗಲೂ ಬೇಡವಾದದ್ದನ್ನೇ ಕೇಳಿಸಿಕೊಳ್ಳುತ್ತಿತ್ತು.

ಶುರುವಾದದ್ದು ಒಂದು ಫೆಬ್ರುವರಿಯಲ್ಲಿ. ಸರಕಾರಿ ನೌಕರನಿಗೆ ಫೆಬ್ರುವರಿ ಎಂದರೆ ಸೂತಕದ ತಿಂಗಳು; ವರ್ಷದ ತೆರಿಗೆಯ ಬಾಕಿಯೆಲ್ಲ ಆ ತಿಂಗಳ ಪಗಾರದಲ್ಲಿ ಮುರಿದು, ಕೈಗೆ ಬರುವುದು ಪಗಾರದ ಚೀಟಿ ಮಾತ್ರ. ರೋಣದ ಕಾಲುವೆ ಕಚೇರಿಯಲ್ಲಿ ಅವನ ಪಕ್ಕದ ಮೇಜಿನ ಶಶಿಕಾಂತ ಆ ತಿಂಗಳು ಎಲ್ಲರಿಗೂ ಬೇಕಾದ ಮನುಷ್ಯ. ಒಬ್ಬನಿಗೆ ಅತ್ತೆಯ ಮನೆಯಲ್ಲಿದ್ದುಕೊಂಡೇ ಬಾಡಿಗೆ ತೋರಿಸಿಕೊಡುತ್ತಿದ್ದ, ಒಬ್ಬನಿಗೆ ಕೊಡದ ದೇಣಿಗೆ, ಇನ್ನೊಬ್ಬನಿಗೆ ಬೆನ್ನುನೋವು. ಸಂಗನಬಸವನನ್ನು ಅವನು ಅಡಿಯಿಂದ ಮುಡಿಯವರೆಗೆ ದನದ ಸಂತೆಯ ದಲಾಲಿ ಎತ್ತು ನೋಡುವಂತೆ ನೋಡಿ ಹೇಳಿದ್ದ: "ಸಂಗಪ್ಪ, ನಿನಗ ಕಿವಿ ಬರೋಬ್ಬರಿ ಹೊಂದತೈತಿ ನೋಡು. ಕಣ್ಣ ಅಂದ್ರ ಫೈಲ್ ಹ್ಯಾಂಗ ಓದತಿ? ಕಾಲ ಅಂದ್ರ ನಡದದ್ದ ಮಂದಿಗೆ ಕಾಣತೈತಿ. ಕಿವಿ ಒಳಗಿಂದು. ಯಾರೂ ನೋಡಂಗಿಲ್ಲ." ದೂರದ ಊರೊಂದರಲ್ಲಿ ಏಜೆಂಟನೊಬ್ಬ ಅವನನ್ನು ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕೂಡಿಸಿದ. ಶಬ್ದ ಕೇಳಿದಾಗ ಗುಂಡಿ ಒತ್ತು ಅಂದರು, ಅವನು ಒತ್ತಲಿಲ್ಲ. ಸುಳ್ಳು ಹೇಳಿದೆನೆಂದು ಅವನಿಗೆ ಅನಿಸಲೇ ಇಲ್ಲ. ಸುಮ್ಮನೆ ಕೂತಿದ್ದ, ಅಷ್ಟೇ. ಸುಮ್ಮನೆ ಕೂಡುವುದು ಕಚೇರಿಯಲ್ಲಿ ಕಲಿತ ವಿದ್ಯೆಯೇ ಆಗಿತ್ತು. ಶೇಕಡಾ ಅರವತ್ತು ಕಿವುಡು ಎಂದು ಬರೆದುಕೊಟ್ಟರು. ಪರೀಕ್ಷೆಗಳಲ್ಲಿ ಅವನಿಗೆ ಸಿಕ್ಕ ಮೊದಲ ಫಸ್ಟ್ ಕ್ಲಾಸು ಅದು.

ಕಿವುಡು ಇಷ್ಟು ಹೊತ್ತಿನ ಕೆಲಸವೆಂದು ಯಾರೂ ಹೇಳಿರಲಿಲ್ಲ. ವರ್ಷಕ್ಕೊಮ್ಮೆ ತೋರಿಸುವ ಕಾಗದ ಎಂದುಕೊಂಡಿದ್ದ. ಅದು ದಿನಾ ಹತ್ತರಿಂದ ಐದೂವರೆಯವರೆಗಿನ ದುಡಿಮೆಯಾಯಿತು. ಮೊದಲ ವಾರ ಕಚೇರಿಯವರು ಅವನೊಡನೆ ಒದರಿ ಮಾತಾಡಿದರು, ಎರಡನೇ ವಾರ ಬೇಸತ್ತು ಕೈಸನ್ನೆಗೆ ಇಳಿದರು, ತಿಂಗಳೊಪ್ಪತ್ತಿನಲ್ಲಿ ಮಾತಾಡುವುದನ್ನೇ ಬಿಟ್ಟು ಅವನ ಮುಂದೆ ತಮ್ಮತಮ್ಮಲ್ಲಿ ಮಾತಾಡತೊಡಗಿದರು. ಯಾರ ಬದಲಿ ಯಾವ ಊರಿಗೆ, ಯಾವ ಹೆಂಗಸು ಯಾರ ಮೋಟಾರ್‌ಸೈಕಲ್ಲಿನ ಮೇಲೆ, ಎಲ್ಲ ಅವನ ಟೇಬಲ್ಲಿನ ಮೇಲಿಂದಲೇ ಹಾದುಹೋಗುತ್ತಿತ್ತು. ವಿಚಿತ್ರವೆಂದರೆ ಶಶಿಕಾಂತ. ಕಿವುಡು ಹೇಳಿಕೊಟ್ಟವನೇ ಅವನು. ಅಂಥವನೂ ಒಂದೆರಡು ವರ್ಷದಲ್ಲಿ ಅದನ್ನು ಮರೆತು, ಇವನನ್ನು ಖರೇ ಕಿವುಡನೆಂದೇ ತಿಳಿದುಬಿಟ್ಟ. ಒಂದು ದಿನ ಹೊಸದಾಗಿ ಬಂದ ಟೈಪಿಸ್ಟ್ ಹುಡುಗಿಯ ಮುಂದೆ, ಇವನಿಂದ ಮೊಳ ದೂರದಲ್ಲಿ ನಿಂತು, "ಇಂವಗ ಕುಂತ ಪಗಾರ. ಕಿವಿನೂ ಇಲ್ಲ, ತಲಿನೂ ಇಲ್ಲ. ಪಾಪ, ಹೆಣ್ತಿ ಹ್ಯಾಂಗ ಬಾಳೇ ಮಾಡತಾಳೋ" ಅಂದ. ಹುಡುಗಿ ನಕ್ಕಳು. ಸಂಗನಬಸವನೂ, ಅವಳು ನಕ್ಕದ್ದನ್ನು ನೋಡಿದ ಕಿವುಡನು ನಗುವ ರೀತಿಯಲ್ಲಿ, ಸ್ವಲ್ಪ ತಡವಾಗಿ ನಕ್ಕ. ಸಂಜೆ ಮನೆಗೆ ಹೋಗಿ, ನೀರು ಕೊಟ್ಟ ಹೆಂಡತಿಯನ್ನು, ಬಾಳೇ ಹ್ಯಾಂಗ ನಡದೈತಿ ಎಂದು ಕೇಳಬೇಕೆನಿಸಿತು. ನೀರು ಕುಡಿದು ಲೋಟ ತಿರುಗಿ ಕೊಟ್ಟ.

ಆಮೇಲೆ ಹೊಸ ತೆರಿಗೆ ಪದ್ಧತಿ ಬಂತು. ಅವನಷ್ಟು ಪಗಾರದವರಿಗೆ ಆದಾಯ ತೆರಿಗೆಯೇ ಇಲ್ಲ ಎಂದಾದ ದಿನ ಕಚೇರಿಯಲ್ಲಿ ಪೇಢೆ ಹಂಚಿದರು. ಎಲ್ಲರೂ ಚಪ್ಪಾಳೆ ತಟ್ಟಿದರು; ಅವನು ಎಲ್ಲರ ಕೈ ನೋಡಿ ಕಡೆಗೆ ತಟ್ಟಿದ. ಪೇಢೆ ಬಾಯಲ್ಲಿ ಕರಗುವಾಗ ಅವನಿಗೆ ಹೊಳೆಯಿತು, ಇನ್ನು ತನ್ನ ಕಿವುಡಿಗೆ ಬೆಲೆ ಉಳಿದಿಲ್ಲ. ಅದರಿಂದ ಇನ್ನು ತಪ್ಪುವುದು ತಿಂಗಳಿಗೆ ಇನ್ನೂರು ರೂಪಾಯಿ ವೃತ್ತಿ ತೆರಿಗೆಯೊಂದೇ. ಉಳಿದದ್ದೆಲ್ಲ ಎರಡೂ ಕಿವಿಯಿದ್ದವರಿಗೂ ಮಾಫಿ. ಆ ರಾತ್ರಿ ಊಟಕ್ಕೆ ಕೂತಾಗ ಅವನು ಶಾಂಭವಿಗೆ "ಇನ್ನ ಕಿವಿ ಬಂತು ಅಂತ ಹೇಳಿಬಿಡ್ಲೇನು?" ಅಂದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಇಷ್ಟ ವರ್ಷ ಎಲ್ಲಿಗೆ ಹೋಗಿತ್ತು ಅಂತ ಕೇಳಿದ್ರ ಏನ ಹೇಳತೀರಿ?" ಅಂದಳು. ಹೀಗೆ, ಯಾವ ಲಾಭಕ್ಕೆ ಕಿವುಡನಾದನೋ ಆ ಲಾಭ ಹೋಗಿ, ಕಿವುಡು ಮಾತ್ರ ಉಳಿಯಿತು.

ಬಸ್ಸು ರೋಣದಲ್ಲಿ ನಿಂತಿತು. ಕಿಟಕಿಯಿಂದ ಕಚೇರಿಯ ಕಂಪೌಂಡು ಕಾಣುತ್ತಿತ್ತು, ಅದರೊಳಗಿನ ಬೇವಿನ ಗಿಡ, ಗಿಡದ ಹಿಂದೆ ಹಳೆಯ ದಫ್ತರಗಳ ಕೋಣೆಯ ಕಿಟಕಿ. ಅವನು ಕಣ್ಣು ಮುಚ್ಚಿದ. ಕಣ್ಣಿಗೆ ಹೀಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಏನೂ ಕೊಡಲಿಲ್ಲವಲ್ಲ ಎಂದು ಹಿಂದೆಯೂ ಎಷ್ಟೋ ಸಲ ಅಂದುಕೊಂಡಿದ್ದ. ಅದು ನಡೆದದ್ದು ಕಳೆದ ಮಳೆಗಾಲ, ಇದೇ ಕಚೇರಿಯಲ್ಲಿ. ಆಡಿಟ್ ಪಾರ್ಟಿ ಬಂದಿತ್ತು. ಕಸ ಹೊಡೆಯುವ ದಿನಗೂಲಿಯ ಗಾಳೆವ್ವನನ್ನು ದಫ್ತರದ ಕೋಣೆ ಝಾಡಿಸಲು ಹಚ್ಚಿದ್ದರು. ಊಟದ ಹೊತ್ತು, ಎಲ್ಲರೂ ಚಹಾದಂಗಡಿಗೆ ಹೋಗಿದ್ದರು. ಉಳಿದದ್ದು ಇವನು, ಇವನ ಎದುರಿಗೆ ಆಡಿಟರು. ಆಡಿಟರು ಬೆಳಿಗ್ಗೆಯೇ ಇವನ ಪ್ರಮಾಣಪತ್ರ ತಿರುವಿ ಹಾಕಿ, ಇವನ ಮುಖವನ್ನೊಮ್ಮೆ ನೋಡಿ, "ಏನೂ ಕೇಳೋದೇ ಇಲ್ವಾ?" ಎಂದು ಬೇಕೆಂದೇ ಮೆಲ್ಲಗೆ ಕೇಳಿದ್ದ; ಇವನು ಎದೆ ಗಟ್ಟಿ ಮಾಡಿಕೊಂಡು ಕಿಟಕಿಯ ಆಚೆ ನೋಡಿದ್ದ. ಈಗ ಅದೇ ಆಡಿಟರು ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಬೈಲಿನಲ್ಲಿ ಏನೋ ನೋಡುತ್ತ, ಚುರುಮುರಿ ತಿನ್ನುತ್ತ, ನಡುನಡುವೆ ಇವನನ್ನು ನೋಡುತ್ತ ಕೂತಿದ್ದ.

ಮೊದಲು ಸ್ಟೂಲು ಉರುಳಿದ ಸಪ್ಪಳ. ಆಮೇಲೆ ಕಬ್ಬಿಣದ ರ‍್ಯಾಕು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, "ಸಂಗಪ್ಪ ಸಾಹೇಬ್ರ." ಅವನ ಪೆನ್ನು ನಿಂತಿತು, ಆಡಿಟರು ತಲೆ ಎತ್ತಿದ, ಪೆನ್ನು ಮತ್ತೆ ಬರೆಯತೊಡಗಿತು. "ಸಂಗಪ್ಪ ಸಾಹೇಬ್ರ, ಬಿದ್ನ್ಯೋ." ಈ ಮನುಷ್ಯ ಇಯರ್‌ಫೋನ್ ತೆಗೆಯಲಿ, ಅವನೇ ಕೇಳಲಿ, ಅವನೇ ಎದ್ದು ಓಡಲಿ, ಅವನ ಹಿಂದೆ ತಾನೂ ಏನಾಯಿತೆಂಬಂತೆ ಓಡಬಹುದು ಎಂದು ಸಂಗನಬಸವ ಕಾಯ್ದ. ನಿಜವಾದ ಕಿವಿಯಿದ್ದವನು ಚುರುಮುರಿ ತಿನ್ನುತ್ತಿದ್ದ. ಮೂರನೆಯ ಸಲ "ಸಾಹೇಬ್ರ" ಎನ್ನುವಾಗ ದನಿ ಬಾಗಿಲಿನ ಹತ್ತಿರಕ್ಕೆ ಬಂದಿತ್ತು. ಅವಳು ತೆವಳುತ್ತಿದ್ದಾಳೆಂದು ಅವನಿಗೆ ತಿಳಿಯಿತು. ನಾಲ್ಕನೆಯದರಲ್ಲಿ ಅವನ ಹೆಸರಿರಲಿಲ್ಲ. "ಯಪ್ಪಾ" ಅಂತ ಅಷ್ಟೇ, ಸಣ್ಣಗೆ. ಆ ಹೊತ್ತಿನಲ್ಲಿ ಅವನು ಬರೆದದ್ದು ಒಂದು ತಾರೀಖು. ಅದನ್ನೂ ತಪ್ಪು ಬರೆದಿದ್ದ. ಶಶಿಕಾಂತ ಚಹಾ ಕುಡಿದು ಬಂದು, ಕೋಣೆಯ ಹೊಸ್ತಿಲಲ್ಲಿ ಅವಳನ್ನು ಕಂಡು ಬೊಬ್ಬೆ ಹಾಕಿದಾಗಲೇ ಇವನು ಎದ್ದದ್ದು, ಅದೂ ಶಶಿಕಾಂತನ ಕೈ ನೋಡಿ. ತೊಡೆಯ ಎಲುಬು ಮುರಿದಿತ್ತು. ಬಿದ್ದಲ್ಲೇ ಬಿದ್ದಿದ್ದರೆ ಸರಿಯಾಗಿ ಕೂಡುತ್ತಿತ್ತು, ತೆವಳಿದ್ದರಿಂದ ಸರಿದುಹೋಗಿದೆ ಎಂದು ಡಾಕ್ಟರು ಹೇಳಿದರು. ಯಾರೂ ಸಂಗನಬಸವನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು. ಅವನು ಹಣ್ಣು ತೆಗೆದುಕೊಂಡು ದವಾಖಾನೆಗೆ ಹೋದಾಗ ಗಾಳೆವ್ವನೇ ಪಕ್ಕದ ಕಾಟಿನವರಿಗೆ, "ಇವ್ರು ಅಲ್ಲೇ ಇದ್ರವಾ, ಮೂರ ಸಲ ಕರದ್ನಿ. ಪಾಪ, ಕೇಳಸಂಗಿಲ್ಲ ಇವರಿಗೆ. ದೇವರಂಥಾ ಮನಿಷ್ಯಾ" ಎಂದು ಪರಿಚಯ ಮಾಡಿಕೊಟ್ಟಳು. ಅವನು ಕಿವುಡನಾದ್ದರಿಂದ ಆ ಹೊಗಳಿಕೆಯನ್ನು ಅಲ್ಲಗಳೆಯುವ ಹಾಗೂ ಇರಲಿಲ್ಲ.

ನರಗುಂದದಲ್ಲಿ ಇಳಿದಾಗ ಬಿಸಿಲು ಏರಿತ್ತು. ಕಲ್ಯಾಣ ಮಂಟಪದ ಬಾಗಿಲಲ್ಲಿ ಯಾರದೋ ಮದುವೆಯ ಬಾಳೆಕಂಬ ಒಣಗಿ ನಿಂತಿತ್ತು. ಒಳಗೆ ಎಡಕ್ಕೆ ಕಿವಿಯವರು, ಬಲಕ್ಕೆ ಕಾಲಿನವರು. ನಡುವೆ, ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹಾದಿ. ಎರಡು ಕೋಣೆ, ಎರಡಕ್ಕೂ ಒಬ್ಬೊಬ್ಬ ಜವಾನ. ಕಿವಿಯ ಜವಾನ ಹೆಸರು ಕರೆದು, ಯಾರೂ ಏಳದಿದ್ದರೆ ಬಂದು ಬೆನ್ನು ತಟ್ಟಿ ಎಬ್ಬಿಸಿಕೊಂಡು ಹೋಗುತ್ತಿದ್ದ. ಕಾಲಿನವರಿಗೆ ಆ ಸೌಲಭ್ಯವಿರಲಿಲ್ಲ. ಎರಡು ಸಲ ಕರೆಯುವುದು, ಬಾರದಿದ್ದರೆ ಗೈರು, ಮುಂದಿನ ಶಿಬಿರಕ್ಕೆ ಬಾ ಎನ್ನುವುದು. ಮುಂದಿನ ಶಿಬಿರ ಯಾವಾಗ ಎಂದು ದೇವರಿಗೂ ಗೊತ್ತಿರಲಿಲ್ಲ. ಕಿವಿಯ ಸಾಲಿನಲ್ಲಿ ಮಾಸ್ತರರು, ಗುಮಾಸ್ತರು, ಒಬ್ಬ ಕಂಪೌಂಡರು, ಎಲ್ಲರೂ ಫೋಟೋಕ್ಕೆ ಕೂತವರಂತೆ ಮುಂದೆ ನೋಡುತ್ತ ಕೂತಿದ್ದರು. ಅಡುಗೆಮನೆಯ ಕಡೆ ಯಾರೋ ದೊಡ್ಡ ಪಾತೇಲಿ ಕೆಡವಿದರು. ಕಾಲಿನವರೆಲ್ಲ ಬೆಚ್ಚಿದರು, ಕಿವಿಯ ಸಾಲಿನಲ್ಲಿ ಒಂದು ತಲೆ ಅಲುಗಲಿಲ್ಲ. ಹೊರಳಿ ನೋಡಿದವನು ಒಬ್ಬನೇ, ಕಡೆಯ ಕುರ್ಚಿಯ ಹರೆಯದವನು, ತಂದೆಯೊಡನೆ ಕೈಯಲ್ಲೇ ಮಾತಾಡುತ್ತಿದ್ದವನು. ಅವನು ಹುಟ್ಟು ಕಿವುಡ. ನೆಲ ಅದುರಿದ್ದು ಅವನ ಕಾಲಿಗೆ ತಿಳಿದಿತ್ತು.

"ಸಂಗಪ್ಪ ಸಾಹೇಬ್ರೋ! ಆರಾಮಾ?" ಹಾದಿಯ ಆಚೆಯಿಂದ ಇಡೀ ಮಂಟಪಕ್ಕೆ ಕೇಳುವ ದನಿ. ಗಾಳೆವ್ವ. ಗೋಡೆಗೆ ಒರಗಿ, ಮುಂದೆ ನಾಲ್ಕು ಕಾಲಿನ ವಾಕರ್ ಇಟ್ಟುಕೊಂಡು ಕೂತಿದ್ದಳು. ಇವನು ನೋಡಲಿಲ್ಲವೆಂದು ಕೈ ಬೀಸಿದಳು. ಕೈ ಕಾಣುವ ವಸ್ತುವಾದ್ದರಿಂದ ಅವನು ನೋಡಿ ನಮಸ್ಕಾರ ಮಾಡಿದ. ಹೊಳೆಮಣ್ಣೂರಿನಿಂದ ಸೊಸೆ ಕರೆದುಕೊಂಡು ಬಂದಿದ್ದಾಳೆ, ಆಧಾರ ಕಾರ್ಡಿನ ಜೆರಾಕ್ಸ್ ಬೇಕಂತೆ, ಅದಕ್ಕೆ ಪೇಟೆಗೆ ಹೋಗಿದ್ದಾಳೆ ಎಂಬುದನ್ನೆಲ್ಲ ಅವಳು ಅರ್ಧ ಸನ್ನೆಯಲ್ಲಿ ಅರ್ಧ ಒದರುತ್ತ ಹೇಳಿದಳು. ಈ ಕಾಗದವಾದರೆ ತಿಂಗಳಾ ಪಿಂಚಣಿ ಬರುತ್ತದೆ, ಇನ್ನು ಕಸ ಹೊಡೆಯುವುದಂತೂ ಮುಗಿಯಿತು. ಆಮೇಲೆ ಪಕ್ಕದ ಹೆಂಗಸಿನ ಕಡೆ ಹೊರಳಿ ಹಾಡಿದ್ದೇ ಹಾಡು ಶುರು ಮಾಡಿದಳು. "ಮೂರ ಸಲ ಕರದ್ನಿ ಯವ್ವಾ. ಇವರಿಗೆ ಕಿವಿ ಇದ್ದಿದ್ರ ನನ್ನ ಕಾಲ ಉಳೀತಿತ್ತು. ಎಲ್ಲಾ ನನ್ನ ಹಣೇಬರಾ." ಸಂಗನಬಸವ ಮುಂದೆ ನೋಡುತ್ತ ಕೂತಿದ್ದ. ನಾಲ್ಕು, ಎಂದು ಅವನ ಒಳಗೆ ಏನೋ ತಿದ್ದುತ್ತಿತ್ತು. ಪ್ರತಿ ಸಲ ಅವಳು ಮೂರು ಅಂದಾಗಲೂ ಅದು ಹಾಗೆಯೇ ತಿದ್ದುತ್ತಿತ್ತು.

ಬಿಸಿಲಿನ ಝಳಕ್ಕೋ, ನಸುಕಿನಲ್ಲೇ ಎದ್ದು ಬಂದ ದಣಿವಿಗೋ, ಅವಳಿಗೆ ನಿದ್ದೆ ಹತ್ತಿತು. ಪಕ್ಕದ ಹೆಂಗಸನ್ನು ಒಳಗೆ ಕರೆದರು. ಸೊಸೆ ಇನ್ನೂ ಬಂದಿರಲಿಲ್ಲ. ಸಂಗನಬಸವ ತನ್ನ ಹೆಸರು ಬಂದಾಗ ಹೇಗೆ ಕೂತಿರಬೇಕೆಂದು ಮತ್ತೊಮ್ಮೆ ಮನಸ್ಸಿನಲ್ಲೇ ಆಡಿ ನೋಡುತ್ತಿದ್ದ. ಕಣ್ಣು ಎದುರಿನ ಗೋಡೆಯ ಗಣಪತಿಯ ಮೇಲೆ, ಕೈ ಮೊಣಕಾಲ ಮೇಲೆ, ಬೆನ್ನು ತಟ್ಟಿದಾಗ ಸ್ವಲ್ಪ ಬೆಚ್ಚಬೇಕು. ಆಗ ಕಾಲಿನ ಜವಾನ "ಗಾಳೆವ್ವ" ಅಂದ. ಯಾರೂ ಏಳಲಿಲ್ಲ. ಅವಳ ಬಾಯಿ ಅರ್ಧ ತೆರೆದಿತ್ತು. ಕಾಲಿನವರು ತಮ್ಮ ತಮ್ಮ ಸರದಿಯ ಚಿಂತೆಯಲ್ಲಿದ್ದರು. ಅವರಿಗೆ ಅವಳ ಹೆಸರು ಗೊತ್ತಿರಲಿಲ್ಲ. ಹೆಸರು ಗೊತ್ತಿದ್ದವನು ಇಡೀ ಮಂಟಪದಲ್ಲಿ ಒಬ್ಬನೇ. ಎದ್ದು ನೀರು ಕುಡಿಯುವವನಂತೆ ಆ ಕಡೆ ಹೋಗಿ, ವಾಕರಿಗೆ ಕಾಲು ತಾಗಿಸಿಬಿಟ್ಟರೆ ಹೇಗೆ ಎಂದು ಅವನು ಯೋಚಿಸಿದ. ನೀರಿನ ಡ್ರಮ್ಮು ಎಲ್ಲಿದೆ ಎಂದು ನೋಡಿದ. ಅದು ಬಾಗಿಲ ಹೊರಗಿತ್ತು. "ಗಾಳೆವ್ವ ಹೊಳೆಮಣ್ಣೂರ," ಎಂದು ಎರಡನೆಯ ಸಲ ಕರೆದ ಜವಾನ ಸುತ್ತ ನೋಡಿ, "ಗೈರು" ಎಂದು, ಕಾಗದದ ಮೇಲೆ ಬೆರಳು ಕೆಳಗಿಳಿಸಿದ.

"ಅದಾಳ್ರೀ!" ಎಂಬ ದನಿ ಕೇಳಿ ಸಂಗನಬಸವನೇ ಬೆಚ್ಚಿದ. ತಾನು ಎದ್ದು ನಿಂತಿದ್ದ. "ಗಾಳೆವ್ವ ಅದಾಳ್ರಿ, ಅಕಾ ಅಲ್ಲೇ! ನಿದ್ದಿ ಹತ್ತೇತಿ, ಗೈರ ಹಾಕಬ್ಯಾಡ್ರಿ!" ಕಿವಿಯ ಸಾಲಿನ ಮಾಸ್ತರರು, ಗುಮಾಸ್ತರು, ಕಂಪೌಂಡರು, ಅಷ್ಟೂ ಜನ ಒಮ್ಮೆಲೆ ಹೊರಳಿ ಅವನನ್ನು ನೋಡಿದರು. ನೋಡಿದ ಮೇಲೆ ತಾವೂ ಹೊರಳಿದೆವೆಂದು ತಿಳಿದು, ಮತ್ತೆ ಗಣಪತಿಯ ಕಡೆ ಹೊರಳಿದರು. ಅವನು ಹಾದಿ ದಾಟಿ ಹೋಗಿ ಅವಳನ್ನು ಎಬ್ಬಿಸಿದ, ವಾಕರನ್ನು ಮುಂದೆ ಸರಿಸಿದ, ತೋಳು ಕೊಟ್ಟ. ಜವಾನ "ಲಗೂ ಬಾ ಬೇ" ಅಂದ. ಅವಳು ಒಂದು ಕೈ ವಾಕರಿನ ಮೇಲೆ, ಒಂದು ಕೈ ಅವನ ತೋಳಿನ ಮೇಲೆ ಇಟ್ಟು ಹೆಜ್ಜೆ ಹಾಕುತ್ತ ಬಂದಳು. ಅಷ್ಟು ಹತ್ತಿರದಿಂದ ಅವಳ ಕಾಲು ಎಷ್ಟು ಗಿಡ್ಡಾಗಿದೆ ಎಂಬುದು ಅವನಿಗೆ ತೋಳಿನ ಭಾರದಲ್ಲೇ ತಿಳಿಯುತ್ತಿತ್ತು. ಪಾಪ, ಯಾಕ ತ್ರಾಸ ತಗೊಂಡ್ರಿ ಎಂದು ಅವಳು ನಿದ್ದೆಗಣ್ಣಲ್ಲಿ ಒದರುತ್ತಿದ್ದಳು. ಒದರುತ್ತಿದ್ದವಳು ನಡುವೆಯೇ ನಿಲ್ಲಿಸಿದಳು.

ಕೋಣೆಯ ಬಾಗಿಲ ಹತ್ತಿರ ಅವಳು ನಿಂತು ಅವನ ಮುಖ ನೋಡಿದಳು. ಆಮೇಲೆ ಅವನ ಕಿವಿಯ ಮಷೀನು ನೋಡಿದಳು. ಯಾವಾಗಲೂ ಅವನೊಡನೆ ಊರು ಕೇಳುವಂತೆ ಮಾತಾಡುತ್ತಿದ್ದವಳು ಈಗ ತುಟಿಯಷ್ಟೇ ಅಲುಗುವಂತೆ ಕೇಳಿದಳು.

"ಅವತ್ತೂ ಕೇಳಿತ್ತೇನ್ರಿ?"

ಅವನ ಕೈ ರೂಢಿಯಂತೆ ಕಿವಿಯ ಹಿಂದೆ ಹೋಯಿತು. "ಆಂ?" ಅನ್ನಬೇಕಿತ್ತು, ಅಂದರೆ ಅವಳು ನಂಬುತ್ತಿದ್ದಳು, ಅವಳಿಗೂ ನಂಬುವುದೇ ಬೇಕಾಗಿತ್ತು ಎಂದು ಅವನಿಗೆ ಅನಿಸಿತು. ಅವಳು ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ, ದನಿ ಏರಿಸಲೂ ಇಲ್ಲ. ಅವನ ಕೈಯನ್ನೇ ನೋಡುತ್ತ, ಅದೇ ಸಣ್ಣ ದನಿಯಲ್ಲಿ, "ಮೂರ ಸಲ ಕರದಿದ್ನಿ" ಅಂದಳು.

ಕೈ ಕೆಳಗಿಳಿಯಿತು. "ನಾಕು," ಅಂದ ಸಂಗನಬಸವ. "ಕಡೀಕ ಒಮ್ಮೆ ಯಪ್ಪಾ ಅಂದಿ."

ಗಾಳೆವ್ವ ಅವನ ತೋಳಿನ ಮೇಲಿದ್ದ ಕೈ ತೆಗೆದು ವಾಕರಿನ ಮೇಲೆ ಇಟ್ಟುಕೊಂಡಳು.

"ಅದು ನಿಮ್ಮನ್ನ ಕರದದ್ದಲ್ಲ ಬಿಡ್ರಿ," ಅಂದಳು. ಒಬ್ಬಳೇ ಹೊಸ್ತಿಲು ದಾಟಿದಳು. ವಾಕರಿನ ಕಾಲು ಒಂದಾದ ಮೇಲೊಂದು ಕಲ್ಲಿಗೆ ತಾಗುವುದು, ನಡುವೆ ಅವಳ ಕಾಲು ಎಳೆದ ಸಪ್ಪಳ, ಒಳಗೆ ಕುರ್ಚಿ ಸರಿದದ್ದು, ಎಲ್ಲ ಅವನಿಗೆ ಸ್ಪಷ್ಟವಾಗಿ ಕೇಳಿತು. ಮಷೀನನ್ನು ಕಿವಿಯಿಂದ ತೆಗೆದ. ಇನ್ನೂ ಸ್ಪಷ್ಟವಾಗಿ ಕೇಳಿತು.

ಎಡಗಡೆಯ ಬಾಗಿಲಲ್ಲಿ ಕಿವಿಯ ಜವಾನ ಅವನ ಹೆಸರು ಕರೆದ. ಕರೆದು, ಇವರೆಲ್ಲ ಏಳುವ ಪೈಕಿ ಅಲ್ಲವೆಂದು ಅವನಿಗೆ ಗೊತ್ತಿದ್ದುದರಿಂದ, ಬೆನ್ನು ತಟ್ಟಲು ಆಗಲೇ ಸಾಲಿನ ಕಡೆ ಹೊರಟಿದ್ದ.

"ಬಂದ್ನಿರಿ," ಅಂದ ಸಂಗನಬಸವ ಹಿಂದಿನಿಂದ.

ಜವಾನ ಹೊರಳಿ ನೋಡಿದ. ತಟ್ಟಲು ಎತ್ತಿದ್ದ ಕೈಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.